ಬೊರಿವಲಿಯಿಂದ ಚರ್ಚ್‌ಗೇಟಿಗೆ ಒಂದು ಸ್ಕಾರ್ಫ್

ಮುಂಬಯಿಗೂ ಉಲ್ಲನ್ನಿಗೂ ಎಲ್ಲಿಂದೆಲ್ಲಿಯ ನಂಟು ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಈ ಊರಿನಲ್ಲಿ ಚಳಿ ಎಂಬುದು ಜನವರಿಯಲ್ಲಿ ನಾಲ್ಕು ದಿನ ಬಂದು ಹೋಗುವ ನೆಂಟ. ಬೆಳಗಿನ ಉಷ್ಣಾಂಶ 16 ಡಿಗ್ರಿಗೆ ಇಳಿಯಿತೆಂದರೆ ಸಾಕು, ಪತ್ರಿಕೆಗಳಲ್ಲಿ ಅದೇ ಸುದ್ದಿ. ವಾಚ್‌ಮನ್‌ಗಳ ತಲೆಗೆ ಮಂಕಿ ಕ್ಯಾಪ್ ಏರುತ್ತದೆ. ಸಾಂತಾಕ್ರೂಜ್‌ನಲ್ಲಿ 1962ರ ಜನವರಿ 22ರಂದು 7.4 ಡಿಗ್ರಿ ದಾಖಲಾದದ್ದೇ ಇಂದಿಗೂ ದೊಡ್ಡ ದಾಖಲೆ. ಇಂಥ ಬೆವರಿನ ಊರಿನಲ್ಲಿ ಕೂತು ಉಣ್ಣೆಯ ಸ್ಕಾರ್ಫ್ ಹೆಣೆಯುವವರನ್ನು ಕಂಡರೆ ಧಾರವಾಡದಿಂದಲೋ ಮಡಿಕೇರಿಯಿಂದಲೋ ಬಂದ ನಿಮಗೆ ನಗು ಬರುವುದು ಸಹಜ.

ಆದರೂ ನೀವು ಹೆಂಗಸರಾಗಿದ್ದರೆ ಒಂದು ದಿನ ಬಿಡುವು ಮಾಡಿಕೊಂಡು ಬೆಳಗ್ಗೆ ಬೊರಿವಲಿಯಿಂದ ಹೊರಡುವ ಒಂದು ಸ್ಲೋ ಗಾಡಿಯ ಲೇಡೀಸ್ ಡಬ್ಬ ಹತ್ತಿ. ಗಂಡಸರಾಗಿದ್ದರೆ ಈ ಲೇಖನ ಓದಿಯೇ ತೃಪ್ತಿಪಡಬೇಕು, ಬೇರೆ ದಾರಿಯಿಲ್ಲ. ಫಾಸ್ಟ್ ಗಾಡಿ ಬೇಡ. ಅದರಲ್ಲಿ ಕೈ ಎತ್ತಲೂ ಜಾಗವಿರುವುದಿಲ್ಲ, ಕೂತವರಿಗೂ ಊರು ಬೇಗ ಬಂದುಬಿಡುತ್ತದೆ. ಸ್ಲೋ ಗಾಡಿ ಸುಮಾರು 34 ಕಿಲೋಮೀಟರ್ ದಾರಿಯನ್ನು ಒಂದು ಗಂಟೆಗೂ ತುಸು ಹೆಚ್ಚು ಹೊತ್ತಿನಲ್ಲಿ, ಎಲ್ಲ ಸ್ಟೇಷನ್ನಿನಲ್ಲೂ ನಿಂತು ನಿಂತು ಕ್ರಮಿಸುತ್ತದೆ. ಕಿಟಕಿಯ ಪಕ್ಕದಲ್ಲಿ ಒಬ್ಬಾಕೆ ಬಟಾಣಿ ಸುಲಿಯುತ್ತಿರುತ್ತಾಳೆ. ಎದುರಿನಾಕೆ ಕಣ್ಣು ಮುಚ್ಚಿ ಯಾವುದೋ ಸ್ತೋತ್ರ ಪಠಿಸುತ್ತಿರುತ್ತಾಳೆ. ನಡುವೆ, ಮೊಣಕೈ ಮೈಗೆ ಒತ್ತಿ ಹಿಡಿದು, ಒಬ್ಬಾಕೆ ಹೆಣೆಯುತ್ತಿರುತ್ತಾಳೆ. ಮೊದಲಿನಷ್ಟು ಮಂದಿ ಈಗಿಲ್ಲ ನಿಜ. ಮೊಬೈಲ್ ಬಂದಮೇಲೆ ಹೆಚ್ಚಿನವರ ಬೆರಳುಗಳು ಅದಕ್ಕೇ ಮೀಸಲು. ಆದರೆ ಒಬ್ಬಿಬ್ಬರಾದರೂ ಸಿಗುತ್ತಾರೆ.

ಹೆಣೆಯುವ ಹೆಂಗಸಿಗೆ ಗಾಡಿಯಲ್ಲಿ ಕೆಲವು ನಿಯಮಗಳಿವೆ. ಯಾರೂ ಬರೆದಿಟ್ಟದ್ದಲ್ಲ, ಆದರೆ ಪಾಸಿನ ಮೇಲೆ ಅಚ್ಚು ಹಾಕಿದಷ್ಟೇ ಖಂಡಿತ. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ತುದಿಯಲ್ಲಿ ಕೂತವಳು ಕಡ್ಡಿ ಹೊರತೆಗೆಯಬಾರದು. ಮೂವತ್ತೈದು ಸೆಂಟಿಮೀಟರ್ ಉದ್ದದ ಎರಡು ನೇರ ಕಡ್ಡಿ ಹಿಡಿದರೆ ಪಕ್ಕದವಳ ಪಕ್ಕೆಲುಬಿಗೆ ಏಟು. ಆದ್ದರಿಂದ ನಡುವೆ ಮೃದುವಾದ ತಂತಿಯಿರುವ, ಎರಡು ತುದಿಯಲ್ಲೂ ಗಿಡ್ಡ ಕಡ್ಡಿಯಿರುವ ಸರ್ಕ್ಯುಲರ್ ಕಡ್ಡಿಯೇ ಲೋಕಲ್ಲಿಗೆ ಲಾಯಕ್ಕು. ಅದರಲ್ಲಿ ಹೆಣೆದ ಬಟ್ಟೆಯ ಭಾರ ತೊಡೆಯ ಮೇಲೆ ಬೀಳುತ್ತದೆ, ಗಾಡಿ ಕುಲುಕಿದರೂ ಕಡ್ಡಿ ಕೆಳಗೆ ಬೀಳುವುದಿಲ್ಲ. ಅಂಧೇರಿ ಸಮೀಪಿಸಿತೆಂದರೆ ಎಲ್ಲವನ್ನೂ ಚೀಲದೊಳಗೆ ಹಾಕಬೇಕು. ಅಲ್ಲಿ ಹತ್ತುವ ಜನಪ್ರವಾಹದ ಎದುರು ಚೂಪಾದ ವಸ್ತು ಕೈಯಲ್ಲಿರುವುದು ಕ್ಷೇಮವಲ್ಲ. ವಿಲೇ ಪಾರ್ಲೆ ದಾಟಿ ಎಲ್ಲರೂ ತಮ್ಮ ತಮ್ಮ ಕಾಲಿಗೆ ಜಾಗ ಕಂಡುಕೊಂಡ ಮೇಲೆ ಮತ್ತೆ ತೆಗೆಯಬಹುದು. ಅಷ್ಟರಲ್ಲಿ ನಿಂತವಳೊಬ್ಬಳು "ಕಿಧರ್ ಉತರ್‍ನೇ ಕಾ?" ಎಂದು ನಿಮ್ಮ ಸೀಟನ್ನು ಕಾದಿರಿಸಿಯಾಗಿರುತ್ತದೆ.

ಈ ಡಬ್ಬದ ಹೆಂಗಸರ ಸಂಸಾರ ದೊಡ್ಡದು. ಪಶ್ಚಿಮ ರೈಲ್ವೆ 1992ರ ಮೇ 5ರಂದು ಚರ್ಚ್‌ಗೇಟ್ ಮತ್ತು ಬೊರಿವಲಿ ನಡುವೆ ಪೂರ್ತಿ ಹೆಂಗಸರಿಗೇ ಮೀಸಲಾದ ಲೇಡೀಸ್ ಸ್ಪೆಷಲ್ ಓಡಿಸಿತು. ಅಂದಿನಿಂದ ನಮ್ಮ ಬೆಂಚಿನ ಗೆಳೆತನಗಳಿಗೆ ರಾಜಮುದ್ರೆ ಬಿದ್ದಂತಾಯಿತು. ಸಂಕ್ರಾಂತಿಗೆ ಅರಿಸಿನ ಕುಂಕುಮ, ದಸರೆಗೆ ಡಬ್ಬಕ್ಕೇ ಹೂಮಾಲೆ, ಆರತಿ. ಮನೆಯಲ್ಲಿ ಅತ್ತೆ, ಆಫೀಸಿನಲ್ಲಿ ಸಾಹೇಬರು. ಇಬ್ಬರ ನಡುವಿನ ಈ ಒಂದು ಗಂಟೆ ಮಾತ್ರ ಯಾರ ಹಂಗೂ ಇಲ್ಲದ್ದು. ಮುಂಬಯಿಯ ಹೆಂಗಸು ಉಲ್ಲನ್ ಹಿಡಿಯುವುದು ಚಳಿಗಾಗಿ ಅಲ್ಲ, ಆ ಒಂದು ಗಂಟೆಗಾಗಿ ಎಂಬುದು ನನ್ನ ಅಭಿಪ್ರಾಯ. ಟಿವಿ ಎದುರು ಕೂತು ಹೆಣೆದರೆ "ಒಂದು ಚಹಾ ಮಾಡು" ಎನ್ನುವವರಿರುತ್ತಾರೆ. ಗಾಡಿಯಲ್ಲಿ ಯಾರೂ ಹಾಗೆನ್ನುವುದಿಲ್ಲ.

ಬೆಂಚಿನ ಮೇಲಿನ ಭಾಷೆಯ ವಿಷಯ ಹೇಳಬೇಕು. ನಾವು ಹೆಣಿಗೆ ಎನ್ನುವುದನ್ನು ಮರಾಠಿಯವರು ವಿಣಕಾಮ್ ಎನ್ನುತ್ತಾರೆ, ಗುಜರಾತಿಯವರು ಗೂಂಥಣ್, ಹಿಂದಿಯವರು ಬುನಾಯಿ. ನಮ್ಮ ಕುಣಿಕೆ ಮರಾಠಿಯಲ್ಲಿ ಟಾಕಾ, ಹಿಂದಿಯಲ್ಲಿ ಫಂದಾ. ಅವರ ಸುಲಟ್-ಉಲಟ್, ಇವರ ಸೀಧಾ-ಉಲ್ಟಾ, ಬಂಗಾಳಿಯವರ ಶೋಜಾ-ಉಲ್ಟೋ. ಮಂಗಳೂರು ಕಡೆ ಮಿಷನ್ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರು ಮಾತ್ರ ನಿಟ್, ಪರ್ಲ್ ಎಂದೇ ಹೇಳುತ್ತಿದ್ದರು. ಹೀಗೆ ಐದು ಭಾಷೆಯಲ್ಲಿ ಎಣಿಸಿದರೂ ಕುಣಿಕೆ ಅಷ್ಟೇ ಇರುತ್ತದೆ. ಗಾಡಿಯಲ್ಲಿ ಕಲಿತವರ ಹೆಣಿಗೆಗೆ ಅದರದೇ ಆದ ಮಿಶ್ರಭಾಷೆಯುಂಟು: "ದೋನ್ ಸುಲಟ್ ಹಾಕಿ, ಏಕ್ ಫಂದಾ ಉಠಾವೋ" ಎಂಬಂಥದು.

ಇನ್ನು ನೂಲಿನ ಮಾತು. ಅಂಗಡಿಯಲ್ಲಿ ಶೇಡೆಡ್ ಅಥವಾ ಮಲ್ಟಿ ಎಂದು ಕೇಳಿದರೆ ಬಣ್ಣ ಬದಲಾಗುವ ಉಂಡೆ ಕೊಡುತ್ತಾರೆ. ಆದರೆ ಇದರಲ್ಲಿ ಎರಡು ಜಾತಿ, ಇದನ್ನು ತಿಳಿಯದೆ ಕೊಂಡರೆ ದುಡ್ಡು ದಂಡ. ಒಂದರಲ್ಲಿ ಕೆಲವೇ ಸೆಂಟಿಮೀಟರಿಗೊಮ್ಮೆ ಬಣ್ಣ ಬದಲಾಗುತ್ತದೆ. ಹೆಣೆದಾಗ ಅದು ಮಂಡಕ್ಕಿಗೆ ಖಾರ, ಅರಿಸಿನ, ಕೊತ್ತಂಬರಿ ಬೆರೆಸಿದಂತೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಇನ್ನೊಂದರಲ್ಲಿ ಒಂದೇ ಬಣ್ಣ ಹಲವು ಮೀಟರ್ ಓಡಿ, ಮೆಲ್ಲಗೆ ಮುಂದಿನ ಬಣ್ಣಕ್ಕೆ ತಿರುಗುತ್ತದೆ. ಇದಕ್ಕಾಗಿ ನೂಲನ್ನು ಬಹಳ ದೊಡ್ಡ ಲಡಿಗಳಾಗಿ ಸುತ್ತಿ, ಒಂದೊಂದು ಭಾಗವನ್ನು ಒಂದೊಂದು ಬಣ್ಣದಲ್ಲಿ ಅದ್ದುತ್ತಾರೆ. ಇಲ್ಲವೇ ಜಪಾನಿನ ನೋರೋ ನೂಲಿನಂತೆ, ಬಣ್ಣ ಹಾಕಿದ ಉಣ್ಣೆಯ ಎಳೆಗಳನ್ನೇ ಒಂದರ ಹಿಂದೊಂದು ಜೋಡಿಸಿ ನೂಲುತ್ತಾರೆ. ನೂಲಿಗೆ ಮೊದಲೇ ಬಣ್ಣ ಹಾಕಿ, ಆಮೇಲೆ ಬಟ್ಟೆಯಲ್ಲಿ ಅದು ತಾನಾಗಿ ಅರಳುವಂತೆ ಮಾಡುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ನೆರೆಯ ಗುಜರಾತಿನ ಪಾಟಣದ ಪಟೋಲಾ ಸೀರೆಯಲ್ಲಿ ಹಾಸು, ಹೊಕ್ಕು ಎರಡಕ್ಕೂ ಹೀಗೆ ಮೊದಲೇ ಲೆಕ್ಕ ಹಾಕಿ ಬಣ್ಣ ಕಟ್ಟುತ್ತಾರಲ್ಲ, ಅದರ ಮುಂದೆ ನಮ್ಮ ಉಲ್ಲನ್ ಉಂಡೆ ಬರೀ ಮಕ್ಕಳಾಟ.

ಬಣ್ಣವೇ ಇಷ್ಟು ಮೆರೆಯುವಾಗ ಅದರ ಮೇಲೆ ಮತ್ತೊಂದು ವಿನ್ಯಾಸ ಹೇಗೆ ನಿಲ್ಲುತ್ತದೆ? ಎರಡೂ ಮಾತಾಡಿದರೆ ಯಾವುದೂ ಕೇಳಿಸದು. ಇದಕ್ಕೆ ಉಪಾಯವೆಂದರೆ ಎರಡು ಉಂಡೆ: ಒಂದು ಬಣ್ಣ ಬದಲಾಗುವುದು, ಇನ್ನೊಂದು ಬರೀ ಕಪ್ಪು. ಎರಡು ಸಾಲು ಇದರಲ್ಲಿ, ಎರಡು ಸಾಲು ಅದರಲ್ಲಿ. ಒಂದು ಸಾಲಿಗೆ ಒಂದೇ ನೂಲು. ಆ ಸಾಲಿನಲ್ಲಿ ಬೇಡದ ಬಣ್ಣದ ಕುಣಿಕೆಯನ್ನು ಹೆಣೆಯದೆ ಹಾಗೆಯೇ ಎತ್ತಿ ಇನ್ನೊಂದು ಕಡ್ಡಿಗೆ ದಾಟಿಸಿಬಿಡುವುದು. ಹಾಗೆ ದಾಟಿಸಿದ ಕುಣಿಕೆ ಕೆಳಗಿನ ಬಣ್ಣವನ್ನು ಮೇಲಕ್ಕೆ ಎಳೆದು ತರುತ್ತದೆ, ಚಿತ್ರ ಮೂಡುತ್ತದೆ. ಅಮೆರಿಕದ ಬಾರ್ಬರಾ ವಾಕರ್ ಎಂಬಾಕೆ ಇದನ್ನು ಕ್ರಮಬದ್ಧಗೊಳಿಸಿ ಮೊಸಾಯಿಕ್ ಹೆಣಿಗೆ ಎಂದು ಹೆಸರಿಟ್ಟು, 1976ರಲ್ಲಿ ಅದರ ಮೇಲೊಂದು ಪುಸ್ತಕವನ್ನೇ ತಂದರು. ಗಾಡಿಯಲ್ಲಿ ಹೆಣೆಯುವವರಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ನನಗೆ ಕಂಡಿಲ್ಲ. ಸ್ಕಾಟ್ಲೆಂಡಿನ ಫೇರ್ ಐಲ್ ಪದ್ಧತಿಯಲ್ಲಿ ಒಂದೇ ಸಾಲಿಗೆ ಎರಡು ನೂಲು ಕೈಯಲ್ಲಿ ಹಿಡಿಯಬೇಕು. ಕುರ್ಲಾ ಕಡೆಯಿಂದ ಒಂದು, ಕಲ್ಯಾಣ ಕಡೆಯಿಂದ ಒಂದು ಗಾಡಿ ಒಂದೇ ಪ್ಲಾಟ್‌ಫಾರ್ಮಿಗೆ ಬಂದಂತೆ ಆಗುತ್ತದೆ.

ಇಲ್ಲಿ ನಮ್ಮವರಿಗೊಂದು ಸಂತೋಷದ ಸುದ್ದಿಯಿದೆ. ಬೇರೆ ಹೆಣಿಗೆಯಲ್ಲಿ ಕುಣಿಕೆ ಅಗಲ ಹೆಚ್ಚು, ಎತ್ತರ ಕಡಿಮೆ. ಚೌಕುಳಿ ಕಾಗದದ ಮೇಲೆ ಬರೆದ ಚಿತ್ರ ಹೆಣೆದಾಗ ಕುಳ್ಳಾಗಿಬಿಡುತ್ತದೆ. ಆದರೆ ಎಲ್ಲ ಸಾಲನ್ನೂ ಸೀಧಾ ಕುಣಿಕೆಯಲ್ಲೇ ಹೆಣೆದರೆ ಎರಡು ಸಾಲಿನ ಎತ್ತರ ಒಂದು ಕುಣಿಕೆಯ ಅಗಲಕ್ಕೆ ಹೆಚ್ಚುಕಡಿಮೆ ಸಮ. ಮೊಸಾಯಿಕ್ಕಿನಲ್ಲಿ ಎರಡು ಸಾಲಿಗೆ ಒಂದು ಮನೆ ತಾನೆ? ಹಾಗಾಗಿ ಚೌಕುಳಿ ಚೌಕುಳಿಯಾಗಿಯೇ ಉಳಿಯುತ್ತದೆ. ಅಂದರೆ ಧಾರವಾಡದ ಕಸೂತಿಯ ನಕ್ಷೆಗಳನ್ನು ಇದಕ್ಕೆ ಇಳಿಸಬಹುದು! ಎಲ್ಲವೂ ಅಲ್ಲ. ಗವಂತಿಯ ತೆಳು ಗೆರೆಗಳೂ ಆನೆ ಅಂಬಾರಿಗಳೂ ಇದರಲ್ಲಿ ಬರುವುದಿಲ್ಲ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರ್ಗಿ ಸೊಗಸಾಗಿ ಕೂಡುತ್ತದೆ. ಗೋಪುರವನ್ನೂ ತುಸು ಸರಳಗೊಳಿಸಿದರೆ ಕೂಡಿಸಬಹುದು. ಕಪ್ಪು ನೆಲದ ಮೇಲೆ ಕೆಂಪಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಹಳದಿಗೆ ತಿರುಗುತ್ತ ಏರುವ ಮುರ್ಗಿ ಮೆಟ್ಟಿಲನ್ನು ಕಂಡು, ಇಳಕಲ್ ಸೀರೆಯನ್ನು ಎಂದೂ ನೋಡದ ಒಬ್ಬ ಸಿಂಧಿ ಹೆಂಗಸು ಕಂಡಕ್ಟರ್ ಇಲ್ಲದ ಗಾಡಿಯಲ್ಲೂ ಸೀಟು ಬಿಟ್ಟುಕೊಟ್ಟದ್ದುಂಟು.

ಕಪ್ಪು ಹಾಕುವಾಗ ಒಂದು ಎಚ್ಚರಿಕೆ. ಬದಲಾಗುವ ಉಂಡೆಯಲ್ಲಿ ಗಾಢ ನೀಲಿ, ಬದನೆ ಬಣ್ಣ ಇದ್ದರೆ ಆ ಭಾಗ ಬಂದಾಗ ನಿಮ್ಮ ಗೋಪುರ ಕತ್ತಲಲ್ಲಿ ಮುಳುಗಿಹೋಗುತ್ತದೆ. ಎರಡು ಉಂಡೆಯನ್ನೂ ಪಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯಿರಿ. ಅದರಲ್ಲಿ ಎಲ್ಲ ಬಣ್ಣವೂ ಕಪ್ಪಿನಿಂದ ಬೇರೆಯಾಗಿ ಕಂಡರೆ ಸರಿ, ಇಲ್ಲವಾದರೆ ಕಪ್ಪಿನ ಬದಲು ಕೆನೆ ಬಣ್ಣ ತೆಗೆದುಕೊಳ್ಳಿ. ದಾದರ್ ಪಶ್ಚಿಮದ ಓಣಿಗಳಲ್ಲಿ, ಕ್ರಾಫರ್ಡ್ ಮಾರ್ಕೆಟಿನ ಸುತ್ತ, ಭುಲೇಶ್ವರದ ಲೇಸು ಗುಂಡಿಗಳ ಸಂತೆಯಲ್ಲಿ ಹುಡುಕಿದರೆ ಬೇಕಾದ್ದು ಸಿಗುತ್ತದೆ. ಲುಧಿಯಾನಾದಿಂದ ಬರುವ ಸರಕೇ ಹೆಚ್ಚು. ಉಲ್ಲನ್ ಎಂದು ಕೊಟ್ಟರೂ ಬಹುಪಾಲು ಅಕ್ರಿಲಿಕ್. ಕುರಿಗೂ ಅದಕ್ಕೂ ಸಂಬಂಧವಿಲ್ಲ. ಚಳ್ಳಕೆರೆಯ ಕರಿಕಂಬಳಿ ಹೊದ್ದು ಬೆಳೆದವರು ಮೂಗು ಮುರಿಯಬಹುದು, ಆದರೆ ಜುಲೈ ತಿಂಗಳ ಮುಂಬಯಿಯಲ್ಲಿ ಒಗೆದ ಅಪ್ಪಟ ಉಣ್ಣೆ ವಾರವಾದರೂ ಒಣಗದೆ ವಾಸನೆ ಹೊಡೆಯುವುದನ್ನು ನೋಡಿದ ಮೇಲೆ ನಾನು ಅಕ್ರಿಲಿಕ್ಕಿನ ಪಕ್ಷ. ಕಡ್ಡಿಯ ನಂಬರ್ ಕೇಳುವಾಗ ನೆನಪಿಡಿ: ನಮ್ಮ ಅಂಗಡಿಗಳಲ್ಲಿ ಹಳೆಯ ಇಂಗ್ಲಿಷ್ ಲೆಕ್ಕ ಇನ್ನೂ ನಡೆಯುತ್ತದೆ, ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. ಸ್ಕಾರ್ಫಿಗೆ 8 ನಂಬರ್, ಅಂದರೆ 4 ಮಿಲಿಮೀಟರಿನದು, ಸಾಕು.

ಈಗ ಸ್ವಲ್ಪ ಗಣಿತ, ಬೇಸರಿಸಬೇಡಿ. ಇಪ್ಪತ್ತು ಸೆಂಟಿಮೀಟರಿಗೆ ತುಸು ಮೇಲೆ ಅಗಲ, ಒಂದೂವರೆ ಮೀಟರ್ ಉದ್ದದ ಸ್ಕಾರ್ಫ್ ಎಂದರೆ 44 ಕುಣಿಕೆ, ಸುಮಾರು 600 ಸಾಲು, ನೂರು ಗ್ರಾಮಿನ ಎರಡು ಉಂಡೆ. ಅಂಧೇರಿಯ ಗಲಾಟೆ ಕಳೆದು ಉಳಿಯುವ ನಲವತ್ತು ನಿಮಿಷದಲ್ಲಿ ಇಪ್ಪತ್ತು ಸಾಲು ಆಗುತ್ತದೆ. ಸಂಜೆ ಸೀಟು ಸಿಗುವ ಭರವಸೆಯಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಂದರೆ ಮೂವತ್ತು ಬೆಳಗು. ಒಂದು ಸಾಲಿಗೆ ಅರವತ್ತು ಎಪ್ಪತ್ತು ಸೆಂಟಿಮೀಟರ್ ನೂಲು ಬೇಕು. ಒಂದು ಬಣ್ಣ ಎಂಟು ಮೀಟರ್ ಓಡುವ ಉಂಡೆಯಾದರೆ ಹನ್ನೆರಡು ಸಾಲು. ನಡುನಡುವೆ ಕಪ್ಪಿನ ಹನ್ನೆರಡು. ಸುಮಾರಾಗಿ ಒಂದು ಪ್ರಯಾಣಕ್ಕೆ ಒಂದು ಬಣ್ಣ! ಇದೇ ನೂಲಿನಲ್ಲಿ ಒಂದೂವರೆ ಮೀಟರ್ ಅಗಲದ ಹೊದಿಕೆ ಹೆಣೆದರೆ ಎಂಟು ಮೀಟರ್ ಎರಡು ಸಾಲಿಗೂ ಸಾಲದು, ಬಣ್ಣಗಳೆಲ್ಲ ಕೂದಲೆಳೆಯ ಗೆರೆಗಳಾಗುತ್ತವೆ. ಇಂಥ ನೂಲಿನ ಹುಟ್ಟುಗುಣಕ್ಕೆ ಕಿರಿದಾದ ಸ್ಕಾರ್ಫೇ ತಕ್ಕದ್ದು.

ಹಿಂದೆ ನಮ್ಮ ಬೆಂಚಿನಲ್ಲಿ ಒಬ್ಬ ಗುಜರಾತಿ ಬೇನ್ ಇದ್ದರು. ಚರ್ನಿ ರೋಡಿನಲ್ಲಿ ಇಳಿಯುವವರು. ನಮ್ಮಲ್ಲಿ ಅರ್ಧ ಮಂದಿಗೆ ಕಡ್ಡಿ ಹಿಡಿಯಲು ಕಲಿಸಿದವರು ಅವರೇ. ಬಿಗಿಯಾದರೆ ಬೆರಳಿಗೆ ಹೊಡೆಯುತ್ತಿದ್ದರು, ಸಡಿಲವಾದರೆ ಪೂರ್ತಿ ಬಿಚ್ಚಿಸುತ್ತಿದ್ದರು. ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಬರುವುದು ನಿಂತಿತು. ಎದೆಯ ಗಡ್ಡೆ, ಆಪರೇಷನ್, ಆಮೇಲೆ ಕೀಮೋ ಎಂದು ಅವರ ಸೊಸೆಯ ಫೋನಿನಿಂದ ತಿಳಿಯಿತು. ಔಷಧಿ ಹನಿಹನಿಯಾಗಿ ಏರಿಸುವ ಕೋಣೆಯಲ್ಲಿ ಎ.ಸಿ. ಬಹಳ, ಐದಾರು ಗಂಟೆ ನಡುಗುತ್ತಾ ಕೂರುತ್ತಾರೆ ಎಂದಳು ಆಕೆ. ಯಾರು ಮೊದಲು ಹೇಳಿದರೋ ನೆನಪಿಲ್ಲ, ಮರುದಿನವೇ ನೂಲು ಬಂತು. ಮೈಗೆ ಚುಚ್ಚದ ಮೆತ್ತನೆಯದು, ಆರು ಬಣ್ಣ ಸುತ್ತಿ ಬರುವಂಥದು. ಒಬ್ಬರಿಗೆ ಒಂದು ಬಣ್ಣ ಎಂದು ಹಂಚಿಕೊಂಡೆವು. ಬ್ಯಾಂಕಿನ ಮರಾಠಿ ತಾಯಿಯೊಬ್ಬರು, ಬಂಗಾಳಿ ಟೀಚರ್, ಆಸ್ಪತ್ರೆಯ ಮಲಯಾಳಿ ನರ್ಸ್, ಎಲ್‌ಐಸಿಯ ಇಬ್ಬರು, ನಾನು. ತನ್ನ ಬಣ್ಣ ಮುಗಿದವಳು ಮುಂದಿನವಳ ಚೀಲಕ್ಕೆ ಹಾಕುವುದು. ಮಲಾಡಿನವಳು ಗಾಡಿ ತಪ್ಪಿಸಿಕೊಂಡರೆ ಅಂದಿನ ಕೆಲಸ ನಿಲ್ಲುತ್ತಿತ್ತು, ನಮಗೆ ಒಳಗೊಳಗೇ ಭಯ. ಕೀಮೋ ಸರದಿ ಮೂರು ವಾರಕ್ಕೊಮ್ಮೆ, ನಮಗೆ ಎರಡನೆಯ ಸರದಿಯ ಒಳಗೆ ಮುಟ್ಟಿಸಬೇಕಿತ್ತು. ನಿಯಮ ಮುರಿದು ಅಂಧೇರಿಯಲ್ಲೂ ಹೆಣೆದೆವು. ನಿಂತವರು ಕಾರಣ ಕೇಳಿ ತಿಳಿದು, ನಮ್ಮ ಸುತ್ತ ತಾವೇ ಕೈಕೊಟ್ಟು ಒಂದಿಷ್ಟು ಜಾಗ ಮಾಡಿಕೊಡುತ್ತಿದ್ದರು. ಆ ನೂಕುನುಗ್ಗಲಿನಲ್ಲಿ ಒಂದು ಗೇಣು ಜಾಗವೆಂದರೆ ಎಷ್ಟೆಂದು ಲೋಕಲ್ಲಿನವರಿಗೆ ಗೊತ್ತು.

ಸರದಿಗೆ ಎರಡು ದಿನ ಮುಂಚೆ ಸ್ಕಾರ್ಫ್ ಅವರ ಮನೆ ತಲುಪಿತು. ಸುಮಾರು ಏಳು ತಿಂಗಳಾದ ಮೇಲೆ ಬೇನ್ ಒಂದು ದಿನ ಗಾಡಿ ಹತ್ತಿದರು. ತಲೆಯಲ್ಲಿ ಬೆರಳುದ್ದದ ಕೂದಲು, ಕೊರಳಲ್ಲಿ ಆ ಸ್ಕಾರ್ಫ್. ಧನ್ಯವಾದ ಗಿನ್ಯವಾದ ಏನೂ ಇಲ್ಲ. ಕೂತವರೇ ಸ್ಕಾರ್ಫನ್ನು ತೊಡೆಯ ಮೇಲೆ ಹರಡಿ ಹಸಿರು ಪಟ್ಟಿಯ ಸಾಲು ಎಣಿಸಿದರು. "ಹದಿನಾಲ್ಕು. ಇದು ಬ್ಯಾಂಕಿನವಳದು. ಕೈ ಇನ್ನೂ ಬಿಗಿ." ಕೇಸರಿ ಎಣಿಸಿದರು. "ಹತ್ತು. ಇದು ನಿನ್ನದು" ಎಂದು ಟೀಚರ್ ಕಡೆ ನೋಡಿದರು. ನೂಲಿನ ಲೆಕ್ಕ ಅದು: ಬಣ್ಣದ ಉದ್ದ ಎಲ್ಲರಿಗೂ ಒಂದೇ, ಬಿಗಿ ಕೈಯವಳಿಗೆ ಕುಣಿಕೆಗೆ ನೂಲು ಕಡಿಮೆ ಸಾಕು, ಸಾಲು ಹೆಚ್ಚು ಬರುತ್ತದೆ, ಅಗಲ ಕುಗ್ಗುತ್ತದೆ, ಸಡಿಲ ಕೈಯವಳದು ಇದರ ತಿರುವುಮುರುವು. ಸ್ಕಾರ್ಫಿನ ಅಂಚು ನೋಡಿದರೆ ಒಂದು ಕಡೆ ಸೊಂಟ, ಒಂದು ಕಡೆ ಹೊಟ್ಟೆ. ಆರಕ್ಕೆ ಆರನ್ನೂ ಬೇನ್ ಸರಿಯಾಗಿ ಹೇಳಿದರು. ಆ ಕೋಣೆಯಲ್ಲಿ ಕೂತಾಗ ಸೂಜಿಯ ಕಡೆ ನೋಡದೆ ಇದನ್ನೇ ಎಣಿಸುತ್ತಿದ್ದೆ ಎಂದು, ಮರೀನ್ ಲೈನ್ಸ್ ಬಂದಮೇಲೆ, ಇಳಿಯುವುದನ್ನೇ ಮರೆತು, ಮೆಲ್ಲಗೆ ಹೇಳಿದರು.

ಅವರು ಆಮೇಲೆ ನಿವೃತ್ತರಾಗಿ ಸೂರತ್ತಿಗೆ ಹೋದರು. ಬೆಂಚನ್ನು ಪೂರ್ತಿ ಚದುರಿಸಿದ್ದು ಮಾತ್ರ 2020ರ ಮಾರ್ಚ್. ಲೋಕಲ್ ನಿಂತಿತು, ಎಂದೂ ನಿಲ್ಲದ್ದು. ಅಗತ್ಯ ಸೇವೆಯವರಲ್ಲದ ಹೆಂಗಸರಿಗೆ ಅಕ್ಟೋಬರ್ 21ರಿಂದ ನಡುಹಗಲು ಮತ್ತು ರಾತ್ರಿ ಏಳರ ನಂತರ ಅನುಮತಿ ಸಿಕ್ಕಿತು; ಎಲ್ಲರಿಗೂ ಬಾಗಿಲು ತೆರೆದದ್ದು 2021ರ ಫೆಬ್ರವರಿ 1ರಂದು. ಅಷ್ಟರಲ್ಲಿ ಕೆಲವರು ಮನೆಯಿಂದಲೇ ಕೆಲಸ ಮಾಡುವವರಾಗಿದ್ದರು, ಕೆಲವರು ವಾಲಂಟರಿ ತೆಗೆದುಕೊಂಡಿದ್ದರು. ಮನೆಯಲ್ಲಿ ಕೂತವರು ಯಾರೂ ಹೆಣಿಗೆ ಮುಂದುವರಿಸಿಲ್ಲ. ಕೇಳಿದರೆ ಸಮಯವಿಲ್ಲ ಎನ್ನುತ್ತಾರೆ! ದಿನಕ್ಕೆ ಎರಡು ಗಂಟೆ ಗಾಡಿಯಲ್ಲಿ ಕಳೆಯುತ್ತಿದ್ದಾಗ ಇದ್ದ ಸಮಯ ಎಲ್ಲಿಗೆ ಹೋಯಿತೋ.

ಈಗ ಸ್ಕಾರ್ಫಿಗೆ ಒಂದು ಹೊಸ ಕಾರಣವೂ ಹುಟ್ಟಿದೆ. 2017ರ ಡಿಸೆಂಬರ್ 25ರಂದು ಬೊರಿವಲಿಯಿಂದ ಮೊದಲ ಎ.ಸಿ. ಲೋಕಲ್ ಹೊರಟಿತಲ್ಲ, ಅದರಲ್ಲಿ ಗಾಳಿ ನೇರ ಕುತ್ತಿಗೆಗೆ ಬೀಳುವ ಸೀಟುಗಳಿವೆ. ಮೇ ತಿಂಗಳ ಉರಿಯಲ್ಲಿ ಬೆವರು ಸುರಿಸುತ್ತ ಹತ್ತಿದವರು ಬಾಂದ್ರಾ ಬರುವಷ್ಟರಲ್ಲಿ ಸೆರಗು ಹೊದ್ದು ಮುದುಡಿ ಕೂರುತ್ತಾರೆ. ಬಾಗಿಲು ಮುಚ್ಚಿರುವುದರಿಂದ ಮಾಹಿಮ್ ಖಾಡಿಯ ವಾಸನೆಯೂ ಇಲ್ಲ, ಕೈ ಬೆವರಿ ನೂಲು ಕಡ್ಡಿಗೆ ಅಂಟುವುದೂ ಇಲ್ಲ. ಮೊನ್ನೆ ಅಂಥ ಗಾಡಿಯಲ್ಲಿ ಕಾಲೇಜು ಮುಗಿಸಿದ ವಯಸ್ಸಿನ ಹುಡುಗಿಯೊಬ್ಬಳು ಬಿದಿರಿನ ಸರ್ಕ್ಯುಲರ್ ಕಡ್ಡಿ ಹಿಡಿದು, ಮೊಬೈಲಿನಲ್ಲಿ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡುತ್ತಾ ಹೆಣೆಯುತ್ತಿದ್ದಳು. ನನ್ನ ಕೊರಳಿನ ಮುರ್ಗಿ ಮೆಟ್ಟಿಲು ನೋಡಿ, "ಆಂಟೀ, ಯೇ ಕೌನ್ಸಾ ಪ್ಯಾಟರ್ನ್ ಹೈ?" ಎಂದಳು. ಹೆಸರು ಹೇಳಿದೆ. ಹಿಂದಿಯಲ್ಲಿ ಮುರ್ಗಿ ಎಂದರೆ ಕೋಳಿಯಲ್ಲವೇ, ಬಿದ್ದು ಬಿದ್ದು ನಕ್ಕಳು. ನನ್ನ ಬಳಿ ಚೌಕುಳಿ ಕಾಗದ ಇರಲಿಲ್ಲ. ಅವಳ ನೋಟ್‌ಬುಕ್ಕಿನ ಹಾಳೆಯಲ್ಲೇ ಗೆರೆ ಎಳೆದು, ದಾದರಿನಿಂದ ಗ್ರ್ಯಾಂಟ್ ರೋಡಿನವರೆಗೆ, ಮೊದಲ ಹದಿನೆಂಟು ಸಾಲು ಬರೆದುಕೊಟ್ಟೆ. ಉಳಿದದ್ದನ್ನು ಅದೇ ಗಾಡಿಯಲ್ಲಿ, ಅದೇ ಡಬ್ಬದಲ್ಲಿ, ಸೋಮವಾರ ಬರೆದುಕೊಡುವುದೆಂದು ಮಾತಾಗಿದೆ.